ಹುರುಳಿ ಹಾಸಿದ ರಸ್ತೆ

ಮಣ್ಣುದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್ ನನ್ನದು. ದೇವರಾಯನದುರ್ಗದ ಜಲ್ಲಿಕಲ್ಲಿನ ಇಳಿಜಾರಿನಲ್ಲೂ ಬೀಳದವನು ಹೆಬ್ಬೂರಿನಾಚೆ ನುಣ್ಣನೆಯ ಟಾರು ರಸ್ತೆಯಲ್ಲಿ ಜಾರಿಬಿದ್ದೆ. ಹಳೇ ಕಲ್ಲುಮಂಟಪದ ಮುಂದೆ ರಸ್ತೆಯಗಲಕ್ಕೂ ಹುರುಳಿ ಗಿಡ ಹರಡಿದ್ದರು.

ಮಂಟಪದಲ್ಲಿ ಕೂತಿದ್ದ ಹೆಂಗಸು ಓಡಿಬಂದು ನನ್ನನ್ನು ಎತ್ತಿದರು. ಮಂಡಿ ತರಚಿತ್ತು. ನನಗೋ ರೇಗಿಹೋಗಿತ್ತು.

"ಅಲ್ಲಮ್ಮಾ, ಓಡಾಡೋ ರಸ್ತೇಲಿ ಹೀಗೆ ಹಾಕ್ತಾರಾ?"

"ಗಾಡಿ ಹತ್ತಿ ಕಾಳು ಬಿಡ್ಲಿ ಅಂತ ಹಾಕಿರೋದು ಕಣಣ್ಣ. ನೀವು ಸೈಕಲ್ ತಂದ್ರೆ ನಾನೇನ್ ಮಾಡ್ಲಿ?" ಎಂದರು, ಗಾಯಕ್ಕೆ ನೀರು ಹಾಕುತ್ತಾ. ಆಮೇಲೆ ಆಕಾಶ ನೋಡಿ ದನಿ ತಗ್ಗಿಸಿದರು. "ಮುಂದೆ ಮೋರಿ ಕಿತ್ತಾಕವ್ರೆ. ಬೆಳಗ್ಗಿಂದ ಒಂದ್ ಗಾಡೀನೂ ಬಂದಿಲ್ಲ. ಈಗ ಮಳೆ ಹುಯ್ದ್ರೆ ಎಲ್ಲಾ ಮೊಳಕೆ ಬಂದ್ಬುಡ್ತದೆ."

ಮೋಡ ಕಪ್ಪಗಿತ್ತು. ನಾನೇ ಹುರುಳಿಯ ಮೇಲೆ ಅತ್ತಿಂದಿತ್ತ ಸೈಕಲ್ ತುಳಿದೆ. ಆಕೆ ಬಗ್ಗಿ ಒಂದು ಕಾಯಿ ಎತ್ತಿ ನೋಡಿ, "ಬುಡಿ ಅಣ್ಣ, ಇದಿನ್ನೂ ಬಾಯೇ ಬಿಟ್ಟಿಲ್ಲ" ಎಂದು ನಕ್ಕರು.

ಉರಿಯುವ ಮಂಡಿಯಲ್ಲೇ ಹಿಂದಿನ ಕುಣಿಗಲ್ ಕೂಡುರಸ್ತೆಗೆ ವಾಪಸ್ ಹೋಗಿ, ಹಾಲಿನ ಟೆಂಪೊಗೆ ಕೈ ಅಡ್ಡ ಹಾಕಿದೆ.

"ಎಲ್ಲಿಗೆ ಸಾರ್?" ಎಂದ ಡ್ರೈವರ್.

"ನಾನು ಬರಲ್ಲ. ಅಲ್ಲಿ ಮಂಟಪದ ಹತ್ರ ಹುರುಳಿ ಹಾಕಿದಾರೆ..."

ಮಾತು ಮುಗಿಯುವ ಮೊದಲೇ ಗಾಡಿ ತಿರುಗಿಸಿದ. ನಾನೂ ಹಿಂದೆಯೇ ಸೈಕಲ್ ತುಳಿದೆ. ಅವನು ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದ, ನಾನೂ ಆಕೆಯೂ ಬಾಚಿದೆವು. ಮೊದಲ ಹನಿ ಬೀಳುವಷ್ಟರಲ್ಲಿ ಕಾಳು, ಹೊಟ್ಟು ಎಲ್ಲ ಮಂಟಪದೊಳಗಿತ್ತು.

ಗಾಡಿಗಳ ಕಾಟವಿಲ್ಲದ ರಸ್ತೆ ಹುಡುಕೋಕೆ ಅಂತಲೇ ತಗೊಂಡ ಸೈಕಲ್ ಅದು. ಇದುವರೆಗೆ ಅದು ನಿಜವಾಗಿ ಉಪಯೋಗಕ್ಕೆ ಬಂದಿರುವುದು ಒಂದು ಗಾಡಿ ಕರೆತರೋಕೆ.