ತೂಬಿನ ಮುದ್ರೆ ನಮ್ಮ ಮನೆಯದೇ ಆಗಿತ್ತು

ನಮ್ಮೂರ ಕೆರೆಯ ನೀರು ಕದ್ದವರು ನಾವು — ನಾನು ಮತ್ತು ನನ್ನ ತಮ್ಮ. ತೂಬು ಕಾಯುವ ಭೀಮಪ್ಪ ಅಲ್ಲ. ಇದನ್ನು ಹೇಳಬೇಕಾದ ದಿನ, ಊರಿಗೆ ಊರೇ ಕಿವಿಯಾಗಿ ನಿಂತಿದ್ದಾಗ, ನಾನು ಬೇರೆಯೇ ಮಾತು ಹೇಳಿದೆ. ಅದಕ್ಕೀಗ ಎಂಟು ವರ್ಷ. ಅತ್ತೆ ತೀರಿಕೊಂಡರು, ಸ್ವರಾಜ್ಯ ಬಂತು, ತಮ್ಮನ ತಲೆ ಅರ್ಧ ಬೆಳ್ಳಗಾಯಿತು. ಆ ಮಾತು ಮಾತ್ರ ಹೇಳಿದ ಜಾಗದಲ್ಲೇ ನಿಂತಿದೆ.

ನಾನು ಸಾಲಿ ಕಲಿತವಳಲ್ಲ. ಅಕ್ಷರ ಕಲಿಸಿದವನು ಅಜ್ಜ, ಉಸುಕಿನ ಮೇಲೆ ಬೆರಳು ಹಿಡಿದು. ಮಾತು ಕಲಿಸಿದವಳು ಅಜ್ಜಿ, ಬೀಸುಕಲ್ಲಿನ ಮುಂದೆ ಕೂಡಿಸಿಕೊಂಡು. ಹಾಗಾಗಿ ನನ್ನ ಬರಹ ಹರಟೆಯ ಕಡೆಗೇ ಜಾರುತ್ತದೆ. ಈ ಒಂದು ಸಂಗತಿಯನ್ನಾದರೂ ನೆಟ್ಟಗೆ ಹೇಳಬೇಕೆಂದು ಕೂತಿದ್ದೇನೆ. ನೋಡೋಣ.

ನಮ್ಮೂರು ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಬಂಡಿದಾರಿಯಲ್ಲಿದೆ. ಊರ ಪಡುವಲಿಗೆ ಕೆರೆ, ಕೆರೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲನ್ನು ಮೇಲಿನಿಂದ ಎಣಿಸುವುದು ರೂಢಿ. ಎಷ್ಟು ಬರಿದಾದವೋ ಅಷ್ಟು ನೀರು ಹೋಯಿತೆಂದು ಲೆಕ್ಕ. ಗಂಡಸರಿಗೆ ಆ ನೀರು ಹೊಲದ್ದು. ಕೆರೆ ಇಳಿದರೆ ಓಣಿಯ ಬಾವಿಗಳೂ ಇಳಿಯುತ್ತವೆ ಎಂಬುದು ಗೊತ್ತಿದ್ದದ್ದು ಹೆಂಗಸರಿಗೆ — ಹಗ್ಗ ಎಳೆಯುವ ಕೈಗಳಿಗೆ. ಹನ್ನೊಂದನೆಯ ಮೆಟ್ಟಿಲು ಬರಿದಾಯಿತೆಂದರೆ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಗಂಟು ಹಾಕಬೇಕು. ಇನ್ನೂ ಇಳಿದರೆ ನೀರು ಸವಳಾಗಿ, ಬೇಳೆಯೂ ಬೇಯುವುದಿಲ್ಲ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಚಂದವ್ವ, ಭೀಮಪ್ಪನ ಹೆಂಡತಿ. ಆಕೆ ಓಣಿ ಓಣಿ ತಿರುಗಿ, "ನಿಮ್ಮ ಹಗ್ಗಕ್ಕ ಎಷ್ಟ ಗಂಟ ಬಿದ್ದಾವ ಬೇ?" ಎಂದು ಕೇಳಿದಳು. ಆಮೇಲೆ ಒಂದು ಸೋಮವಾರ ಎಲ್ಲ ಮನೆಯ ಹೆಂಗಸರನ್ನೂ ಹಗ್ಗದ ಸಮೇತ ಚಾವಡಿಗೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ, ಅತ್ತೆಯ ಹಿಂದೆ. ಹಿರಿಯರ ಮುಂದೆ ಹಗ್ಗಗಳ ಗುಡ್ಡೆಯೇ ಬಿತ್ತು.

ಚಾವಡಿಯ ಹಿರಿಯ ಶಿವಲಿಂಗಪ್ಪಗೌಡರು ಮೀಸೆಯಲ್ಲೇ ನಕ್ಕರು. "ಏನ ಬೇ ಚಂದವ್ವಾ, ಹಗ್ಗ ಹೊತ್ತಕೊಂಡ ಬಂದೀರಿ, ನಮ್ಮನ್ನ ಕಟ್ಟಿ ಹಾಕವರೇನ?"

"ನಿಮ್ಮನ್ನ ಕಟ್ಟಿ ನಾವೇನ ಮಾಡೂಣ್ರಿ ಯಪ್ಪಾ, ಮೇವ ಯಾರ ಹಾಕಬೇಕ? ತೂಬ ಕಟ್ಟಾಕ ತಂದೇವ್ರಿ."

ಚಾವಡಿ ನಕ್ಕಿತು. ಆದರೆ ಗೌಡರು ಒಂದೊಂದೇ ಹಗ್ಗ ಎತ್ತಿ ಗಂಟು ನೋಡಿದರು. ಸಂಜೆಯೊಳಗೆ ಕಟ್ಟಳೆಯಾಯಿತು. ಹನ್ನೊಂದನೆಯ ಮೆಟ್ಟಿಲು ಬರಿದಾದ ದಿನ ತೂಬು ಮುಚ್ಚಬೇಕು. ಉಳಿದ ನೀರು ಬಾವಿಗಳಿಗೆ, ದನಕರುಗಳಿಗೆ. ತೂಬಿನ ಬೆಣೆ ಎತ್ತುವ ಕೋಲನ್ನು ಕಲ್ಲುಕಂಬಕ್ಕೆ ಹಗ್ಗದಿಂದ ಬಿಗಿದು, ಗಂಟಿನ ಮೇಲೆ ಸುಣ್ಣ ಬೆರೆಸಿದ ಮಣ್ಣು ಮೆತ್ತಿ, ಅದರ ಮೇಲೆ ಒಂದು ಗುರುತು ಒತ್ತಬೇಕು. ಮಳೆ ಬರುವವರೆಗೆ ಅದನ್ನು ಯಾರೂ ಮುಟ್ಟಬಾರದು. ಓಣಿಗೊಂದು ಗುರುತಿರಲಿ ಎಂದಳು ಚಂದವ್ವ. ಹಿರಿಯರು ಒಪ್ಪಲಿಲ್ಲ. ನಮ್ಮ ಮನೆ ಊರ ಹಿರಿಯ ಮನೆಯಾದ್ದರಿಂದ ನಮ್ಮ ಅತ್ತೆಯ ಬೆಳ್ಳಿ ಕಡಗದ ಗುರುತೊಂದೇ ಸಾಕು ಎಂದರು. ಅತ್ತೆಗೆ ಕೆರೆಯ ಮೆಟ್ಟಿಲು ಇಳಿಯಲು ಕಾಲು ಸಾಗುತ್ತಿರಲಿಲ್ಲ. ಕಡಗ ನನ್ನ ಕೈಗೆ ಬಂತು. ಚಂದವ್ವ ನನ್ನ ಮುಖ ನೋಡಿ, "ಆಗಲಿ, ಈಕಿ ಮಾತಿನಾಕಿ ಅದಾಳ," ಎಂದಳು.

ಮಾತಿನಾಕಿ. ಆಡಿದ ಮಾತಿಗೆ ನಿಲ್ಲುವವಳು.

ಆ ವರ್ಷ ಹನ್ನೊಂದನೆಯ ಮೆಟ್ಟಿಲು ಯುಗಾದಿಗೂ ಮುಂಚೆಯೇ ಬರಿದಾಯಿತು. ನಾನೇ ಮುದ್ರೆ ಒತ್ತಿದೆ. ಹದಿನೈದು ದಿನ ಕಳೆದಿರಬೇಕು, ತಮ್ಮ ಮಲ್ಲೇಶಿ ಬಂದ. ಘೋಣಸಗಿಯ ನಮ್ಮ ತವರಿನಿಂದ ಬಂದು, ಕೆರೆಯ ಏರಿಯ ಕೆಳಗೇ ಭೂಮಿ ಹಿಡಿದು ವೀಳ್ಯದೆಲೆಯ ತೋಟ ಹಾಕಿದ್ದ. ತೋಟಕ್ಕೊಂದು ಬಾವಿಯಿತ್ತು. ಅದು ಬತ್ತಿದ್ದು ಅವನಿಗೆ ಮತ್ತು ಅವನ ಹೆಂಡತಿಗೆ ಮಾತ್ರ ಗೊತ್ತು.

"ಯಕ್ಕಾ, ಬಳ್ಳಿ ಬಾಡಾಕತ್ತಾವ. ಒಂದ ಸಲ, ಒಂದ ಸಲ ಅಷ್ಟ. ಮಟ ಮಟ ಮಧ್ಯಾಹ್ನ ಏರಿ ಮ್ಯಾಲ ನಾಯೀನೂ ಇರಂಗಿಲ್ಲ. ಕೆರಿಗೇನ, ಒಂದ ಚರಿಗಿ ನೀರ ಹೋದಂಗ."

ನಾನು ಕಡಗ ಬಿಚ್ಚಿ ಕೊಟ್ಟೆ. ಹೆಚ್ಚು ಯೋಚಿಸಿದೆನೇ? ಇಲ್ಲ. ತವರಿನವರು ಬಾಗಿಲಲ್ಲಿ ನಿಂತು ಕೇಳುವಾಗ ಯೋಚಿಸುವವಳು ಅಕ್ಕನೇ ಅಲ್ಲ ಎಂಬುದು ನಮ್ಮ ಕಡೆಯ ಮಾತು — ಇಲ್ಲ, ಇದು ನೆಪವಾಯಿತು. ಕೊಟ್ಟೆ, ಅಷ್ಟೇ. ಸಂಜೆ ಎಲೆಯಲ್ಲಿ ಸುತ್ತಿ ತಂದುಕೊಟ್ಟ. ಹೊಸ ಮಣ್ಣು ಮೆತ್ತಿ ಅದೇ ಕಡಗ ಒತ್ತಿದ್ದ, ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಒಂದು ಸಲ ನಾಲ್ಕು ಸಲವಾಯಿತು. ತೋಟದ ದಟ್ಟ ನೆರಳಿನೊಳಗೆ ಕಾಲುವೆ ಹರಿದದ್ದು ಯಾರಿಗೂ ಕಾಣಲಿಲ್ಲ.

ಕಂಡದ್ದು ಮೆಟ್ಟಿಲು. ಹನ್ನೆರಡು ಬರಿದಾಯಿತು. ಹದಿಮೂರು. ಬಿಸಿಲು ಕುಡಿಯಿತೆಂದರು, ಏಡಿ ಕೊರೆದಾವೆಂದರು. ಆಮೇಲೆ ಯಾರೋ, "ಬಿಸಲ ಕುಡಿಯೂದ ಇಷ್ಟಲ್ಲ," ಅಂದರು — ಅಂದಿನಿಂದ ಊರು ಊರಾಗಿ ಉಳಿಯಲಿಲ್ಲ. ಕೆಳಗಿನ ಓಣಿಯವರು ಮೇಲಿನ ಓಣಿಯವರ ಕಾಲಿನ ಕೆಸರು ನೋಡಿದರು. ಸೀರೆಯ ಅಂಚು ಒದ್ದೆಯಿದ್ದರೆ, "ಎಲ್ಲಿಂದ ಬರಾಕತ್ತೀಯವಾ?" ಅಂದರು. ಒಂದೇ ಹಗ್ಗದಲ್ಲಿ ಸೇದುತ್ತಿದ್ದವರು ಬೇರೆ ಬೇರೆ ಹೊತ್ತಿಗೆ ಬಾವಿಗೆ ಬರತೊಡಗಿದರು.

ಒಂದು ದಿನ ಬಾವಿಕಟ್ಟೆಯಲ್ಲಿ ಯಾರೋ ಮಲ್ಲೇಶಿಯ ತೋಟದ ಹೆಸರು ಎತ್ತಿದರು. ನಾನು ತಡಮಾಡದೆ, "ಅವನ ಬಾವ್ಯಾಗ ನೀರ ಐತಿ, ನಾನ ಕುಡದ ಬಂದೇನಿ," ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕೊಡ ಎತ್ತಿಕೊಳ್ಳುತ್ತ ಅಂದೆ: "ಚಂದವ್ವನ ಹಿತ್ತಲದಾಗ ಮೆಂತೆ ಎಷ್ಟ ಚಂದ ಬಂದೈತಿ, ನೋಡೀರೇನ?"

ಅದು ಹೊಗಳಿಕೆಯೇ. ಯಾರಾದರೂ ಮುಂದೆ ಕೇಳಿದರೆ ಹಾಗೆಯೇ ಹೇಳಬಹುದಿತ್ತು. ಆದರೆ ನಾನು ಯಾಕೆ ಅಂದೆನೆಂಬುದು ನನಗೆ ಗೊತ್ತಿತ್ತು. ಭೀಮಪ್ಪನ ಮನೆ ಏರಿಯ ಬುಡಕ್ಕೇ ಇತ್ತು. ಚಂದವ್ವ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಒಂದು ಹನಿ ಚೆಲ್ಲದೆ ಆ ಮೆಂತೆಗೆ ಹಾಕುತ್ತಿದ್ದಳು — ಅದನ್ನೂ ನಾನು ಕಣ್ಣಾರೆ ಕಂಡಿದ್ದೆ. ಸಂಜೆಯೊಳಗೆ ಊರೆಲ್ಲ ಅದೇ ಮೆಂತೆಯ ಮಾತು.

ಅದರ ಮರುದಿನ ಬಾವಿಯಲ್ಲಿ ಚಂದವ್ವ ನನ್ನ ಕೈ ಹಿಡಿದಳು. "ಕಡಗದ ಸಂದ್ಯಾಗ ಮಣ್ಣ ಹತ್ತೇತಿ ನೋಡ ತಂಗಿ." ಸುಮ್ಮನೆ ಅಂದಳು. ತನ್ನ ಸೆರಗಿನ ತುದಿಯಿಂದ ಒರೆಸಿದಳೂ ಕೂಡ. ನಾನು ನೆಲ ಸಾರಿಸಿದ್ದೆ, ಒಲೆ ಮೆತ್ತಿದ್ದೆ ಎಂದು ಏನೇನೋ ಅಂದೆ. ಆಕೆ ತಲೆಯಾಡಿಸಿದಳು. ಆ ಗಳಿಗೆಯಿಂದ ಆಕೆಯನ್ನು ಕಂಡರೆ ನನಗೆ ಅನುಮಾನ — ಗೊತ್ತಾಗಿದೆಯೋ? ಗೊತ್ತಿದ್ದೂ ಕಾಯುತ್ತಿದ್ದಾಳೋ? ತಪ್ಪು ಮಾಡಿದವಳು ನಾನು, ಶಂಕೆಯಿಂದ ನೋಡಿದ್ದು ಆಕೆಯನ್ನು!

ಮುಂದಿನ ಸೋಮವಾರ ಊರೆಲ್ಲ ಏರಿಯ ಮೇಲೆ ನೆರೆಯಿತು. ಗೌಡರು ಭೀಮಪ್ಪನನ್ನು ಮುಂದೆ ನಿಲ್ಲಿಸಿಕೊಂಡಿದ್ದರು. ಗಟ್ಟಿ ಆಳು ಅವನು. ಅಂದು ಮಾತ್ರ ತಲೆಯ ರುಮಾಲನ್ನು ಬಿಚ್ಚಿ, ಮತ್ತೆ ಸುತ್ತಿ, ಮತ್ತೆ ಬಿಚ್ಚುತ್ತಿದ್ದ.

"ತೂಬ ನಾ ಮುಟ್ಟಿಲ್ಲರಿ. ಮುದ್ರಿ ನೋಡಿಸ್ರಿ. ಒಡದ ಮತ್ತ ಮೆತ್ತಿದ್ರ, ಮಣ್ಣ ತಾನ ಹೇಳತೈತಿ," ಎಂದ.

ಮುದ್ರೆ ನಮ್ಮ ಮನೆಯದು. ನೋಡಿ ಹೇಳಬೇಕಾದವಳು ನಾನು. ಮೆಟ್ಟಿಲಿಳಿದು ಹೋಗಿ ಗಂಟಿನ ಮೇಲೆ ಬೆರಳಿಟ್ಟೆ. ಮೇಲೆ ಒಣಗಿತ್ತು, ಒತ್ತಿದರೆ ಒಳಗೆ ಹಸಿ. ಎರಡು ದಿನದ ಹಿಂದೆ ಮೆತ್ತಿದ ಮಣ್ಣು ಅದು. ಬೆರಳ ತುದಿಗೆ ತಣ್ಣಗೆ ಹತ್ತಿತು. ನಾನು ಹಸಿಯಿದೆ ಎಂದರೆ, ಹೊಸ ಮುದ್ರೆ ಯಾವ ಕಡಗದ್ದು ಎಂದು ಕೇಳುತ್ತಿದ್ದರು. ಹಸಿಯಿಲ್ಲ ಎಂದರೆ — ತೂಬಿನಿಂದ ಹೋಗದ ನೀರು ಇನ್ನೆಲ್ಲಿಂದ ಹೋಗಬೇಕು? ಏರಿಯ ಬುಡ ಕೊರೆದು, ಭೀಮಪ್ಪನ ಹಿತ್ತಲಿನಿಂದಲೇ.

ತಿರುಗಿ ನೋಡಿದೆ. ಮೇಲೆ ಸಾಲಾಗಿ ಮುಖಗಳು. ತಮ್ಮ ಹಿಂದೆಲ್ಲೋ ನಿಂತಿದ್ದ. ಚಂದವ್ವ ಎಲ್ಲರಿಗಿಂತ ಮುಂದೆ, ನನ್ನ ಬಾಯನ್ನೇ ನೋಡುತ್ತಿದ್ದಳು.

"ಮುದ್ರಿ ಹಂಗ ಐತ್ರಿ. ಯಾರೂ ಮುಟ್ಟಿಲ್ಲ."

ಇಷ್ಟೇ ನನ್ನ ಮಾತು. ಭೀಮಪ್ಪ ಏನೋ ಹೇಳಲು ಬಾಯಿ ತೆರೆದ. ಯಾರೋ ಹಿಂದಿನಿಂದ, "ಕೆರಿ ಉಳಿಸಾಕ ಹೆಂಡ್ತಿ, ಕೆರಿ ಉಣ್ಣಾಕ ಗಂಡ! ಚಲೋ ಜೋಡಿ!" ಎಂದು ಕೂಗಿದರು. ಜನ ನಕ್ಕರು. ನಾನೂ — ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಹಾಳೆ ಮಡಚಿಟ್ಟಿದ್ದೆ — ನಾನೂ ತುಟಿ ಅರಳಿಸಿದೆ, ಎಲ್ಲರಂತೆ ಕಾಣಬೇಕೆಂದು.

ಅಪ್ಪ-ಅಜ್ಜಂದಿರಿಂದ ಬಂದ ತೂಬಿನ ಕೆಲಸ ಭೀಮಪ್ಪನ ಕೈತಪ್ಪಿತು. ಹಿತ್ತಲನ್ನು ಅಗೆದು ನೋಡಿದರು, ಯಾವ ಕಿಂಡಿಯೂ ಸಿಗಲಿಲ್ಲ. ಸಿಗದಿದ್ದರೂ ಅನುಮಾನ ಹೋಗಲಿಲ್ಲ. "ಮುಚ್ಚಿ ಬಿಟ್ಟಾನ" ಅಂದರು. ಗಂಡಹೆಂಡತಿ ವಿಜಾಪುರಕ್ಕೆ ಹೋದರು. ಮರುವರ್ಷ ಹನ್ನೊಂದನೆಯ ಮೆಟ್ಟಿಲು ಬರಿದಾದಾಗ ಮುದ್ರೆ ಹಾಕೋಣವೆಂದು ಯಾರೂ ಬರಲಿಲ್ಲ. "ಮುದ್ರಿ ಇದ್ದಾಗನ ಕಳವಾತು, ಇನ್ನ ಯಾರ ಸಲುವಾಗಿ ಉಳಸೂದು?" ಎಂದು ಒಬ್ಬರ ಮೇಲೊಬ್ಬರು ಬಿದ್ದು ತೂಬು ಎತ್ತಿದರು. ಕೆರೆಯ ತಳ ಕಂಡಿತು. ನಾಲ್ಕು ಬಾವಿ ಸವಳಾದವು. ಜೈನಾಪುರದ ದಾರಿಯವರೆಗೆ ನಡೆದು ನೀರು ತಂದ ಹೆಂಗಸರಲ್ಲಿ ನಾನೂ ಒಬ್ಬಳು. ಬೆನ್ನು ನೋಯುತ್ತಿತ್ತು; ನೋಯಲಿ ಅನ್ನಿಸುತ್ತಿತ್ತು. ನೋವುಂಡರೆ ತಪ್ಪು ತೀರುತ್ತದೆಯೇ? ತೀರಲಿಲ್ಲ.

ಹೋದ ತಿಂಗಳು ಮನೆಯವರ ಕಣ್ಣು ತೋರಿಸಲು ವಿಜಾಪುರಕ್ಕೆ ಹೋಗಿದ್ದೆ. ಗೋಳಗುಮ್ಮಟದ ಮುಂದಿನ ಬೇವಿನ ಕೆಳಗೆ ಚಂದವ್ವ ಹುರಿದ ಶೇಂಗಾ ಮಾರುತ್ತಿದ್ದಳು. ಭೀಮಪ್ಪ ಹಿಂದಿನ ಚಳಿಗಾಲದಲ್ಲಿ ಹೋಗಿಬಿಟ್ಟನಂತೆ. ಆಕೆ ನನ್ನನ್ನು ಕಂಡೊಡನೆ ಕೇಳಿದ್ದು ಒಂದೇ.

"ನೀರ ಎಷ್ಟನೇ ಮೆಟ್ಟಲಕ್ಕ ಐತಿ ಬೇ ಈಗ?"

"ಮೆಟ್ಟಲ ಮುಗದಾವಕ್ಕಾ," ಎಂದೆ.

ಆಕೆ ಬುಟ್ಟಿಯ ಶೇಂಗಾದೊಳಗೆ ಕೈಯಾಡಿಸಿದಳು. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆ ಮುದ್ರಿ —"

"ಗೊತ್ತೈತಿ."

"ಮತ್ಯಾಕ ಅವತ್ತ ಬಾಯಿ ಬಿಡಲಿಲ್ಲ?"

"ಕಳ್ಳನ ಹೆಂಡ್ತಿ ಮಾತ ಯಾರ ನಂಬತಿದ್ರು? ಮತ್ತ... ಹೆಂಗಸರು ಇಟ್ಟ ಮುದ್ರಿ ಸುಳ್ಳ ಅಂತ ಆದ್ರ ನಾವ ತಂದ ಹಗ್ಗಾನೂ ಸುಳ್ಳ ಅಂತಿದ್ರು. ನೀನ ಹೇಳ್ತಿ ಅಂತ ಕಾದ್ನಿ. ಊರ ಬಿಟ್ಟ ದಿನ ಬಂಡ್ಯಾಗ ಕುಂತೂ ಕಾದ್ನಿ."

ನನಗೆ ಅಳು ಬಂತು. ಆಕೆ ಅಳಲಿಲ್ಲ. "ಈಗ ನನ್ನ ಮುಂದ ಹೇಳಿ ಏನ ಮಾಡ್ತಿ? ನನಗ ಹೇಳಬ್ಯಾಡ. ಯಾರ ಮುಂದ ಸುಳ್ಳ ಹೇಳಿದ್ದಿ, ಅವರ ಮುಂದ ಹೇಳ ಹೋಗ," ಎಂದು ಗಿರಾಕಿಯ ಕಡೆ ತಿರುಗಿದಳು.

ಈಗ ಊರಿನ ಎಳೆಯ ಹೆಂಗಸರು ಮತ್ತೆ ಹನ್ನೊಂದು ಮೆಟ್ಟಿಲಿನ ಮಾತು ಎತ್ತಿದ್ದಾರೆ. ಸೋಮವಾರ ಚಾವಡಿಯಲ್ಲಿ ಸಭೆ. ಗೌಡರು ಹೇಳಿಕಳಿಸಿದ್ದಾರೆ: ಮುದ್ರೆ ನಮ್ಮ ಮನೆಯದೇ ಇರಲಿ, ಆ ಮನೆಯ ಮೇಲೆ ಎಲ್ಲರಿಗೂ ನಂಬಿಕೆ. ತಮ್ಮ ನಿನ್ನೆ ಬಂದು, "ಹಳೇ ಹೆಣ ಯಾಕ ಎಬ್ಬಸ್ತಿ ಯಕ್ಕಾ? ನಿನ್ನ ಗಂಡಗ ಊರಾಗ ಮಾರಿ ಎತ್ತಾಕ ಆಗಂಗಿಲ್ಲ," ಎಂದ. ಗಂಡನಿಗೆ ಮೊನ್ನೆಯೇ ಹೇಳಿದ್ದೇನೆ. ಅವರು ಇನ್ನೂ ನನ್ನೊಡನೆ ಮಾತಾಡಿಲ್ಲ.

ಭೀಮಪ್ಪ ಕಳ್ಳನೆಂಬ ಹೆಸರಿನಲ್ಲೇ ಸತ್ತ. ಅವನಿಗೆ ನನ್ನ ಮಾತು ಇನ್ನು ಮುಟ್ಟುವುದಿಲ್ಲ. ಸೋಮವಾರ ಚಾವಡಿಯಲ್ಲಿ ಈ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಮೆಂತೆಯ ಮಾತನ್ನೂ, ನಾನು ನಕ್ಕದ್ದನ್ನೂ ಬಿಡದೆ. ಓದಿ ಮುಗಿಸಿ ಕೂಡುವುದಿಲ್ಲ. ನಿಂತೇ ಇರುತ್ತೇನೆ. ಯಾರಿಗೆ ಏನು ಕೇಳಬೇಕೋ ಕೇಳಲಿ.