ಬ್ಯಾಟರಾಯಪ್ಪನ ಬಸ್ಸು ಹೋಗದ ಕೋರ್ಟು

ಅಟ್ಟೂರಿನ ಮುನಿಕೃಷ್ಣಮ್ಮ ಮಾತಿಗೆ ನಿಂತರೆ ಎದುರಿದ್ದವರಿಗೆ ಬಾಯಿ ತೆರೆಯಲೂ ಬಿಡುವು ಸಿಗುತ್ತಿರಲಿಲ್ಲ. ದಿನವೂ ಯಲಹಂಕದಲ್ಲಿ ರೈಲು ಹತ್ತಿ, ಯಶವಂತಪುರದ ಮನೆಗಳಿಗೆ ಸೊಪ್ಪು ಮಾರಿ ಬರುವ ಹೆಂಗಸು. ಅಂಥವಳ ಬಾಯನ್ನೂ ಕಟ್ಟಿಹಾಕಿದ್ದು ಐವತ್ತೆಂಟನೇ ಇಸವಿಯ ಒಂದು ಟೈರು ಕಳವಿನ ಕೇಸು.

ಅವಳ ಗಂಡ ಚಿಕ್ಕಹನುಮಯ್ಯ ಬ್ಯಾಟರಾಯಪ್ಪನ ಬಸ್ಸಿನಲ್ಲಿ ಕ್ಲೀನರಾಗಿದ್ದ. ಜಗಳವಾಡಿ ಕೆಲಸ ಬಿಟ್ಟ ವಾರದಲ್ಲೇ ಧಣಿಯ ಶೆಡ್ಡಿನಿಂದ ಹೊಸ ಟೈರುಗಳು ಹೋದವು. ದೂರು ಇವನ ಮೇಲೆ ಬಿತ್ತು. ಧಣಿಯನ್ನು ಎದುರು ಹಾಕಿಕೊಂಡು ಜಾಮೀನು ನಿಲ್ಲುವವರು ಯಾರು? ಜೈಲಿಗೆ ಹಾಕಿದರು. ಕಳವಾದ ಸಂಜೆ ಅವನು ಯಲಹಂಕದಲ್ಲಿ, ಪಾತ್ರೆಗೆ ಕಲಾಯಿ ಹಾಕುವ ದಸ್ತಗೀರರ ಅಂಗಡಿಯಲ್ಲಿ ತಿದಿ ಒತ್ತುತ್ತಾ ಕೂತಿದ್ದ. ಅದನ್ನು ಹೇಳಬಲ್ಲವರು ದಸ್ತಗೀರರೊಬ್ಬರೇ. ಅವರು ತಯಾರೂ ಇದ್ದರು.

ಆದರೆ ಶೆಡ್ಡು ಬೇರೆ ತಾಲ್ಲೂಕಿಗೆ ಸೇರಿದ್ದರಿಂದ ಕೇಸು ಅಲ್ಲಿನ ಕೋರ್ಟಿನಲ್ಲಿತ್ತು. ಆ ಊರಿಗೆ ರೈಲಿಲ್ಲ. ಇದ್ದದ್ದೊಂದು ಬಸ್ಸು, ಅದೂ ಬ್ಯಾಟರಾಯಪ್ಪನದೇ. ಧಣಿಯ ಹೆದರಿಕೆಗೆ ಯಾರೂ ಗಾಡಿ ಕಟ್ಟಲಿಲ್ಲ. ನಡೆಯಲು ದಸ್ತಗೀರರ ಮಂಡಿ ಒಪ್ಪದು. ಮೊದಲ ವಾಯಿದೆಯ ದಿನ ಕೆರೆ ಏರಿಯ ಮೇಲೆ ಬಸ್ಸು ನಿಲ್ಲಿಸಿ, "ಇಂಜಿನ್ ಕಾದೈತೆ, ಎಲ್ರೂ ಇಳೀರಿ," ಅಂದ ಕಂಡಕ್ಟರು. ಆಮೇಲೆ ದಸ್ತಗೀರರನ್ನು ಬಿಟ್ಟು ಉಳಿದವರನ್ನು ಹತ್ತಿಸಿಕೊಂಡ. ಮುಂದಿನ ಸಲ ಅವರು ಸೀಟು ಬಿಟ್ಟು ಏಳಲೇ ಇಲ್ಲ. ಏರಿಯ ಮೇಲೆ ನಿಂತ ಬಸ್ಸೂ ಬಹಳ ಹೊತ್ತು ಕದಲಲಿಲ್ಲ.

ಕೊನೆಗೂ ಊರು ಮುಟ್ಟಿದಾಗ ಜವಾನ ಸಾಕ್ಷಿಯ ಹೆಸರು ಕೂಗಿ ಸುಮ್ಮನಾಗಿದ್ದ. ಮ್ಯಾಜಿಸ್ಟ್ರೇಟರು ಇನ್ನೊಂದು ವಾಯಿದೆ ಹಾಕಿ ಮನೆಗೆ ಹೊರಟಿದ್ದರು. ಅವರು ಹೋಗುತ್ತಿದ್ದ ಕಡೆಗೆ, ದಸ್ತಗೀರರ ಜೊತೆ ಬಂದಿದ್ದ ಮುನಿಕೃಷ್ಣಮ್ಮ ಹಿಡಿ ಮಣ್ಣು ತೂರಿ, ಅವರ ವಂಶಕ್ಕೆಲ್ಲ ಶಾಪ ಹಾಕಿದಳು.

ಯಶವಂತಪುರದಲ್ಲಿ ಅವಳ ಸೊಪ್ಪು ಕೊಳ್ಳುವ ಒಂದು ಮನೆ ವಕೀಲರದು. ಮರುದಿನ ಅವರ ಜಗಲಿಯಲ್ಲಿ ಕುಕ್ಕೆ ಇಳಿಸಿ ಅತ್ತುಬಿಟ್ಟಳು.

"ಸಾಕ್ಷಿ ಅಲ್ಲಿಗೆ ಹೋಗೋಕಾಗ್ದಿದ್ರೆ ಕೇಸನ್ನೇ ಬೆಂಗಳೂರಿಗೆ ತರಿಸೋಣ ಕಣಮ್ಮ. ಹೈಕೋರ್ಟಿಗೆ ಅರ್ಜಿ ಹಾಕ್ತೀನಿ," ಅಂದರು ವಕೀಲರು. ಫೀಸಿನ ಮಾತೇ ಎತ್ತಲಿಲ್ಲ, ಪುಣ್ಯಾತ್ಮ.

ಅರ್ಜಿ ಗೆದ್ದಿತು. "ನನ್ನ ವಾದಕ್ಕಿಂತ ಆ ಮ್ಯಾಜಿಸ್ಟ್ರೇಟರ ಮಾತೇ ಹೆಚ್ಚು ಕೆಲಸ ಮಾಡ್ತು," ಅಂದರು ಅವರು. "ಹೈಕೋರ್ಟು ಅಭಿಪ್ರಾಯ ಕೇಳಿದಾಗ, ಇಲ್ಲಿದ್ರೆ ಸಾಕ್ಷೀನ ಬರೋಕೆ ಬಿಡೋಲ್ಲ, ಕೇಸು ಬೇರೆ ಕಡೆ ಹೋಗ್ಲಿ ಅಂತ ಅವರೇ ತಿಳಿಸಿದಾರೆ."

ತೂರಿದ ಮಣ್ಣು ನೆನಪಾಗಿ ಮುನಿಕೃಷ್ಣಮ್ಮನಿಗೆ ಊಟ ಸೇರಲಿಲ್ಲ.

ದಸ್ತಗೀರರು ರೈಲಿನಲ್ಲಿ ಬಂದರು, ಕಂಡದ್ದನ್ನು ಕಂಡಂತೆ ಹೇಳಿದರು. ಎದುರು ಪಕ್ಷದ ವಕೀಲರು ಎಷ್ಟು ಎಳೆದಾಡಿದರೂ ಅವರ ಮಾತು ಅಲ್ಲಾಡಲಿಲ್ಲ. ಚಿಕ್ಕಹನುಮಯ್ಯನಿಗೆ ಬಿಡುಗಡೆಯಾಯಿತು.

ಮರುವಾರ ಅವಳು ಗಂಡನನ್ನು ಕರೆದುಕೊಂಡು ಅದೇ ಬಸ್ಸಿನಲ್ಲಿ ಹಳೆಯ ಕೋರ್ಟಿಗೆ ಹೋದಳು. ಕಂಡಕ್ಟರು ಟಿಕೆಟ್ಟು ಹರಿದುಕೊಟ್ಟ. ತಪ್ಪಾಯಿತು ಅನ್ನಬೇಕು, ಕಾಲಿಗೆ ಬೀಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಮ್ಯಾಜಿಸ್ಟ್ರೇಟರು ಮೆಟ್ಟಿಲಿಳಿದು ಬಂದಾಗ ಒಂದೂ ಹೊರಡಲಿಲ್ಲ. ಗಂಡನನ್ನು ಮುಂದಕ್ಕೆ ತಳ್ಳಿ ಕೈಮುಗಿದು ನಿಂತಳು.

ಅವರು ಇಬ್ಬರನ್ನೂ ನೋಡಿ ಗುರುತು ಹಿಡಿದರು.

"ಸಾಕ್ಷಿ ಬಂದ್ರಾ ತಾಯಿ?"

"ಬಂದ್ರು ಸ್ವಾಮಿ."

"ಸದ್ಯ," ಅಂದರು ಅವರು. "ಮನೆಗೆ ಕರ್ಕೊಂಡು ಹೋಗಮ್ಮ."