ಸುಟ್ಟ ಹುಕ್ಕೇರಿ

ನಮ್ಮ ಮನೆಯಲ್ಲಿ ಕಂದು ಬಣ್ಣವನ್ನು ಕಂದು ಅಂತ ಯಾರೂ ಕರೆಯುತ್ತಿರಲಿಲ್ಲ. ಹುಕ್ಕೇರಿ ಅನ್ನುತ್ತಿದ್ದೆವು. ಅವ್ವ ಗೋಕಾಕದಲ್ಲಿ ಮಣ್ಣಿನ ಹಣ್ಣು ಮಾಡಿ ಮಾರುತ್ತಿದ್ದಳು. ಗೌರಿ ಹಬ್ಬ ಬಂತೆಂದರೆ ದೇವಿಯ ಮುಂದೆ ಜೋಡಿಸಲು ಜನ ಬಂದು ಒಯ್ಯುತ್ತಿದ್ದರು. ಚಿಕ್ಕುಹಣ್ಣಿನ ಬಣ್ಣಕ್ಕೆ ಮಾತ್ರ ಆಕೆಗೆ ಹುಕ್ಕೇರಿ ಕಡೆಯ ಒಂದು ದಿಬ್ಬದ ಹಳದಿ ಮಣ್ಣೇ ಆಗಬೇಕು. ಹಾಗೇ ಬಳಸಿದರೆ ಹಸಿ ಹುಕ್ಕೇರಿ, ಹಂಚಿನ ಮೇಲೆ ಹುರಿದರೆ ಸುಟ್ಟ ಹುಕ್ಕೇರಿ.

ಹುರಿಯುವುದು ತುಸು ಹೆಚ್ಚಾದರೂ ಮಣ್ಣು ಕಾವಿಯಂತೆ ಕೆಂಪಗಾಗುತ್ತಿತ್ತು. ಅದಕ್ಕೇ ಅವ್ವ ಹಂಚಿನ ಮುಂದಿನಿಂದ ಏಳುತ್ತಿರಲಿಲ್ಲ, ಬೀಗರು ಬಂದರೂ ಕೂತಲ್ಲಿಂದಲೇ "ಬರ್ರಿ, ಕುಂದರ್ರಿ" ಅನ್ನುವಳು. ಆಮೇಲೆ ಅರೆದು, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡುವಳು. ಹಲ್ಲಿಗೆ ಕರಕರ ಅನ್ನದಿದ್ದರೆ ಮಾತ್ರ ಹುಣಸೆಬೀಜದ ಅಂಟು ಕಲಸುವುದು.

ಚಿತ್ರಕಲೆ ಕಲಿಯಲು ಹೋದಾಗ ಬಣ್ಣದ ಟ್ಯೂಬಿನ ಮೇಲೆ 'ಬರ್ಂಟ್ ಸಿಯೆನ್ನಾ' ಅಂತ ಓದಿದೆ. ಸಿಯೆನ್ನಾ ಇಟಲಿಯ ಒಂದು ಊರು, ಅಲ್ಲಿನ ಮಣ್ಣು ಸುಟ್ಟ ಬಣ್ಣಕ್ಕೆ ಆ ಹೆಸರು ಅಂದರು ಮೇಷ್ಟ್ರು. ಮನೆಗೆ ಓಡಿಬಂದು ಹೇಳಿದೆ. ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅಲ್ಲೂ ಯಾರೋ ನನ್ನಂಗ ಹಂಚಿನ ಮುಂದ ಕುಂತಿರಬೇಕು ನೋಡು" ಅಂದಳು.

ಮೂಡಲಗಿಯಲ್ಲಿ ಡ್ರಾಯಿಂಗ್ ಟೀಚರ್ ಆದೆ. ಆಗ ಜಂಬಕ್ಕೆ ನನ್ನ ತಲೆ ನಿಲ್ಲುತ್ತಿರಲಿಲ್ಲ. ಮೊದಲ ಪಗಾರದಲ್ಲಿ ಒಂದು ಡಬ್ಬಿ ಟ್ಯೂಬು ಕೊಂಡು, ಅವ್ವ ಸಂಕೇಶ್ವರಕ್ಕೆ ಮದುವೆಗೆ ಹೋದಾಗ ಗೋಕಾಕದ ಮನೆಯಲ್ಲಿ ಆಕೆ ಕೆಲಸಕ್ಕೆ ಕೂರುವ ಮೂಲೆ ಸ್ವಚ್ಛ ಮಾಡಿದೆ. ಹುಕ್ಕೇರಿ ಮಣ್ಣಿನ ಡಬ್ಬಿಯನ್ನು ಹಿತ್ತಲಿಗೆ ಸುರಿದು, ಆ ಜಾಗದಲ್ಲಿ ಟ್ಯೂಬು ಜೋಡಿಸಿದೆ. ಹುಕ್ಕೇರಿಯ ದಿಬ್ಬ ಸಪಾಟಾಗಿ ಅದರ ಮೇಲೆ ಮನೆಗಳೆದ್ದಿವೆ, ಡಬ್ಬಿಯಲ್ಲಿದ್ದದ್ದೇ ಕೊನೆಯ ಮಣ್ಣು ಅನ್ನುವುದು ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಅವ್ವ ಬಂದು ಖಾಲಿ ಡಬ್ಬಿಯೊಳಗೆ ಇಣುಕಿದಳು. ಮಳೆ ಆಗಲೇ ಹಿತ್ತಲು ತೊಳೆದಿತ್ತು. ಆಕೆ ಬಯ್ಯಲಿಲ್ಲ. ನಾಲ್ಕು ಬಯ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆ ವರ್ಷ ಮಾವು, ಪೇರಲ, ಬಾಳೆ ಎಲ್ಲ ಮಾಡಿದಳು, ಚಿಕ್ಕು ಮಾತ್ರ ಮಾಡಲಿಲ್ಲ. "ಚಿಕ್ಕು ಯಾಕಿಲ್ರಿ?" ಅಂತ ಗಿರಾಕಿಗಳು ಕೇಳಿದರೆ, "ಈ ವರ್ಷ ಗಿಡಕ್ಕ ಹಣ್ಣ ಬಿಟ್ಟಿಲ್ರಿ" ಅನ್ನುವಳು. ಅವರು ನಗುತ್ತಿದ್ದರು. ನಾನು ಒಳಗೆ ಎದ್ದು ಹೋಗುತ್ತಿದ್ದೆ. ಮುಂದಿನ ವರ್ಷವೂ ಅದೇ ಉತ್ತರ, ಅದರ ಮುಂದಿನ ವರ್ಷವೂ. ಟ್ಯೂಬುಗಳು ಮುಚ್ಚಳ ತೆರೆಯದೆಯೇ ಒಣಗಿದವು.

ಹೋದ ವರ್ಷ ಅವ್ವನ ಕಣ್ಣು ಮಂದವಾಗಿ, ಆಕೆಯನ್ನು ಮೂಡಲಗಿಗೆ ಕರೆತಂದೆ. ಸಾಮಾನು ಕಟ್ಟುವಾಗ ಹಳೆಯ ಹಂಚು ಸಿಕ್ಕಿತು. ಕಾಳಿನ ಗಡಿಗೆಗೆ ಅದೇ ಮುಚ್ಚಳವಾಗಿತ್ತು. ತಿರುವಿ ನೋಡಿದರೆ ಅಂಚಿನ ಸುತ್ತ ಕಂದು ಮಣ್ಣು ಹಕ್ಕಳೆಗಟ್ಟಿ ಕೂತಿದೆ. ಚಾಕುವಿನಿಂದ ಕೆರೆದೆ. ಒಂದು ಚಮಚೆಯಷ್ಟು ಬಂತು.

ಮೂಡಲಗಿಗೆ ಬಂದು ಅರೆದೆ. ಏನೂ ಹೇಳದೆ, ಬಿಸಿಲಿಗೆ ಕೂತಿದ್ದ ಅವ್ವನ ನಾಲಿಗೆಗೆ ಒಂದು ಚಿಟಿಕೆ ಇಟ್ಟೆ. ಆಕೆ ಬಾಯಿ ಆಡಿಸಿದಳು. ನಿಲ್ಲಿಸಿದಳು. ಮತ್ತೆ ಆಡಿಸಿದಳು.

"ಕರಕರ ಅಂತೈತಿ. ಇನ್ನಷ್ಟು ಅರಿ" ಅಂದಳು.

ನಾನು ಕಲ್ಲಿನ ಮುಂದೆ ಕೂತು ಅರೆಯುತ್ತ ಅತ್ತೆ. ಅವ್ವ ನನ್ನತ್ತ ತಿರುಗದೆಯೇ ಕೇಳಿದಳು, "ಎಷ್ಟೈತಿ?"

"ಒಂದ ಹಣ್ಣಿಗೆ ಆಗತೈತಿ, ಅವ್ವಾ."

"ಹಂಗಾರ ಈ ವರ್ಷ ಗಿಡಕ್ಕ ಒಂದ್ ಹಣ್ಣ ಬಿಟ್ಟೈತಿ" ಅಂದಳು.